ಜಗಳೂರಿನ ಮೂವತ್ತಾರು ಕ್ರೇಟು

ಜಗಳೂರು ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ಮಿಡಿಸೌತೆ ತೂಗಿ ತೆಗೆದುಕೊಳ್ಳುವ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವಳು ಸುನಿತಾ. ಬೆರಳುದ್ದದ ಈ ಸೌತೆಯನ್ನು ಊರಲ್ಲಿ ಯಾರೂ ತಿನ್ನುವುದಿಲ್ಲ. ಹೊನ್ನಾಳಿ ದಾಟಿ ನ್ಯಾಮತಿ ರಸ್ತೆಯಲ್ಲಿರುವ ಕಾರ್ಖಾನೆಯವರು ಅದನ್ನು ತೊಳೆದು, ಉಪ್ಪುನೀರಿನ ಡ್ರಮ್ಮಿಗೆ ತುಂಬಿ, ಹಡಗಿನಲ್ಲಿ ಯುರೋಪಿಗೆ ಕಳಿಸುತ್ತಾರೆ.

2020ರ ಮಾರ್ಚಿನಲ್ಲಿ ಹಡಗುಗಳು ನಿಂತವು, ಕಾರ್ಖಾನೆ ಬಾಗಿಲು ಹಾಕಿತು. ಬಳ್ಳಿಗೇನು ಗೊತ್ತು, ದಿನಾ ಕಾಯಿ ಬಿಡುತ್ತಲೇ ಇತ್ತು. ದನಗಳೂ ಸಾಕಾಗಿ ಮುಖ ತಿರುಗಿಸಿದ ಮೇಲೆ ಜನ ಬುಟ್ಟಿಗಟ್ಟಲೆ ತಂದು ಸುನಿತಾಳ ಮನೆ ಮುಂದೆ ಸುರಿದು ಹೋದರು. ಕೊಳೆತ ಕಾಯಿಯನ್ನು ಅವಳೊಬ್ಬಳೇ ಮೂರು ದಿನ ಬಾಚಿದ್ದಳು.

ಎರಡು ವರ್ಷ ಕಳೆದ ಮೇಲೆ, ಕಾರ್ಖಾನೆಯ ಸಿದ್ದಲಿಂಗೇಶ್ ಮತ್ತೆ ಬಂದ. "ಹೊರದೇಶದೋರು ಕೇಳಾಕ್ ಹತ್ತಿದಾರೆ ಕಣಮ್ಮ. ಆದ್ರೆ ಕಂಟೇನರ್ ಸಿಗಾದು ಕಷ್ಟ. ಸಿಕ್ಕಿದ್ದು ತಪ್ಪಿದ್ರೆ ಮತ್ತೆ ತಿಂಗಳುಗಟ್ಲೆ ಕಾಯಬೇಕು," ಎಂದ. ಸುನಿತಾ ಮನೆ ಮನೆ ತಿರುಗಿ ಹನ್ನೆರಡು ಕುಟುಂಬಗಳನ್ನು ಒಪ್ಪಿಸಿದಳು. ಬೀಜವೂ ಔಷಧಿಯೂ ಕಾರ್ಖಾನೆಯದೇ, ಬೇರೆ ಔಷಧಿ ಹೊಡೆಯುವಂತಿರಲಿಲ್ಲ. ಮೊದಲು ಒಪ್ಪಿದವನು ಅವಳ ಗಂಡನ ಅಣ್ಣ ಚಿತ್ತಪ್ಪ.

ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನ ಒಂದು ಗಂಟೆಗೆ ಮೂವತ್ತಾರು ಕ್ರೇಟು ಹೊತ್ತು ಗಾಡಿ ಕಾರ್ಖಾನೆಗೆ ಹೋಯಿತು. ಮರುದಿನ ಬೆಳಿಗ್ಗೆ ಕಂಟೇನರ್ ಬಂದರಿಗೆ ಹೊರಡಬೇಕಿತ್ತು. ಕೊನೆಯ ಡ್ರಮ್ಮುಗಳಿಗೆ ಈ ಕಾಯಿಯೇ ಬೇಕಿತ್ತು.

ಗಾಡಿ ಹೋದ ಸ್ವಲ್ಪ ಹೊತ್ತಿಗೆ ಪಕ್ಕದ ಹೊಲದ ಕಸ್ತೂರಮ್ಮ ಓಡಿಬಂದಳು. "ಸುನಿತಾ, ನಿಮ್ಮ ಕರಿಯಕ್ಕ ಬಿದ್ದಾಳೆ ಬಾರೇ!"

ಕರಿಯಕ್ಕ ಚಿತ್ತಪ್ಪನ ಹೆಂಡತಿ. ಮೋಟಾರು ಮನೆಯ ಗೋಡೆಗೆ ಒರಗಿ ವಾಂತಿ ಮಾಡಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ಚಿತ್ತಪ್ಪ ನಿಂತಿದ್ದ. ಬೆಳಗಿನಿಂದ ಕಾಯಿ ಕಿತ್ತ ಅವಳ ಕೈ ಮೊಣಕೈವರೆಗೆ ಕೆಂಪಾಗಿತ್ತು. ಸುನಿತಾ ಆ ಕೈಯನ್ನು ಮೂಸಿದಳು. ಕಾರ್ಖಾನೆ ಕೊಟ್ಟ ಔಷಧಿಯ ವಾಸನೆ ಅದಲ್ಲ. ತಿರುಗಿ ನೋಡಿದರೆ ಬಾಗಿಲ ಹಿಂದೆ ಕೀಟನಾಶಕದ ಹೊಸ ಬಾಟಲಿ.

"ಭಾವ, ಇದನ್ನ ಯಾವಾಗ ಹೊಡೆದ್ರಿ?"

ಚಿತ್ತಪ್ಪ ನೆಲ ನೋಡಿದ. "ಮೊನ್ನೆ ಸಂಜೆ. ಹುಳ ಹತ್ತಿತ್ತು. ಅವ್ರ ಔಷಧಿಗೆ ಜಗ್ಗಲಿಲ್ಲ. ಪ್ಯಾಟೇಲಿ ಇದ್ನ ಕೊಟ್ರು."

"ಇವತ್ತಿನ ಕ್ರೇಟಿನಾಗೆ ನಿಮ್ಮ ಕಾಯಿ ಐತೆ!"

"ಯಾರಿಗೂ ಗೊತ್ತಾಗಲ್ಲ ಸುನಿತಾ. ಪರೀಕ್ಷೆಗೆ ಹೋಗಿದ್ದು ಹೋದ ವಾರದ ಕಾಯಿ. ಪಾಸಾಗೈತೆ."

ಅದು ನಿಜ. ಇಲ್ಲಿ ಯಾರೂ ಹಿಡಿಯುತ್ತಿರಲಿಲ್ಲ, ಹಿಡಿದರೆ ಅಲ್ಲಿ, ಸಮುದ್ರದಾಚೆ. ಒಂದು ಡ್ರಮ್ಮಿನಲ್ಲಿ ವಿಷ ಸಿಕ್ಕರೂ ಇಡೀ ಕಂಟೇನರ್ ವಾಪಸ್. ಅದರಲ್ಲಿ ಹೊನ್ನಾಳಿ ಕಡೆಯ ಗೋವಿನಕೋವಿ ರೈತರ ಕಾಯಿ ಇತ್ತು, ಸೂಳೆಕೆರೆ ಕಡೆಯವರ ಕಾಯಿ ಇತ್ತು. ಸಿಕ್ಕದಿದ್ದರೆ ಯಾರದೋ ಮನೆಯ ಮಕ್ಕಳು ಅದನ್ನು ತಿನ್ನುತ್ತಿದ್ದರು. ಸುನಿತಾ ಮತ್ತೊಮ್ಮೆ ಕರಿಯಕ್ಕನ ಕೈ ನೋಡಿದಳು.

ಸಿದ್ದಲಿಂಗೇಶನ ಫೋನು ಸ್ವಿಚ್ ಆಫ್. ಕಾರ್ಖಾನೆಯ ಒಳಗೆ ಹೋಗುವವರು ಫೋನನ್ನು ಗೇಟಿನಲ್ಲೇ ಇಡಬೇಕು. ಗೇಟಿನ ನಂಬರು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಗಾಡಿಯ ಡ್ರೈವರೂ ಎತ್ತಲಿಲ್ಲ.

"ನಾನು ಹೋಗ್ತೀನಿ," ಎಂದಳು ಸುನಿತಾ.

"ಹೋಗಿ ಏನಂತ ಹೇಳ್ತಿ? ನಿನ್ನ ಭಾವ ವಿಷ ಹಾಕಿದ ಅಂತಲಾ? ಊರೋರು ನನ್ನ ಬಿಡ್ತಾರಾ?" ಚಿತ್ತಪ್ಪನ ದನಿ ಏರಿತು.

ಆಗ ಕರಿಯಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು ಗಂಡನ ಕಡೆ ತಿರುಗಿದಳು. "ನಾನು ಕಸ್ತೂರಮ್ಮನ ಜೊತೆ ಆಸ್ಪತ್ರೆಗೆ ಹೋಗ್ತೀನಿ. ನೀವು ಬೈಕ್ ತೆಗೀರಿ. ಅವ್ಳನ್ನ ಬಸ್ಸಿಗೆ ಕಳಿಸಿದ್ರೆ ಅಲ್ಲಿಗೆ ಮುಟ್ಟಾದ್ರೊಳಗೆ ಡ್ರಮ್ ಮುಚ್ಚಿರ್ತಾರೆ."

ಕಸ್ತೂರಮ್ಮ ಕರೆದ ಆಟೋ ಹೊರಟ ಮೇಲೆ ಚಿತ್ತಪ್ಪ ಬೈಕ್ ಸ್ಟಾರ್ಟ್ ಮಾಡಿದ.

ದಾವಣಗೆರೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಸುನಿತಾ ಮತ್ತೆ ಗೇಟಿಗೆ ಫೋನು ಮಾಡಿದಳು. ಯಾರೋ ಎತ್ತಿ, "ಜೋರಾಗಿ ಹೇಳ್ರೀ, ಮೆಷಿನ್ ಸದ್ದು," ಎಂದು ಇಟ್ಟುಬಿಟ್ಟರು. ಮುಂದೆ ಒಂದು ಕಡೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ಚಿತ್ತಪ್ಪ ಬೈಕು ಆಫ್ ಮಾಡಿ ಹಿಂದೆ ತಿರುಗಿದ.

"ವಾಪಸ್ ಹೋಗಾನ ಅಂದ್ರೆ?"

"ನೀವು ಹೋಗ್ರಿ ಭಾವ. ನಾನು ಇಳ್ಕಂತೀನಿ."

ಗೇಟು ಎದ್ದ ಕೂಡಲೇ ಅವನು ಎರಡು ಲಾರಿಗಳ ನಡುವೆ ಬೈಕು ನುಗ್ಗಿಸಿದ. ಸುನಿತಾ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದಳು.

ನಾಲ್ಕೂವರೆಗೆ ಕಾರ್ಖಾನೆ ಮುಟ್ಟಿದಾಗ ಅವರ ಊರಿನ ಗಾಡಿ ಖಾಲಿ ನಿಂತಿತ್ತು. ಪಾಸ್ ಕೇಳಿದ ಕಾವಲುಗಾರನನ್ನು ಸರಿಸಿ ಸುನಿತಾ ಒಳಗೆ ಓಡಿದಳು. ಗೋವಿನಕೋವಿಯ ಕಾಯಿಯೂ ಜಗಳೂರಿನ ಕಾಯಿಯೂ ತೊಟ್ಟಿಯ ಒಂದೇ ನೀರಿನಲ್ಲಿ ತೇಲುತ್ತಿದ್ದವು. ಆಚೆ ಬದಿ ಬೆಲ್ಟಿನ ಮೇಲೆ ಸಾಗಿ ಬಂದ ಕಾಯಿಯನ್ನು ಹೆಂಗಸರು ಡ್ರಮ್ಮಿಗೆ ತುಂಬುತ್ತಿದ್ದರು.

"ನಿಲ್ಲಸ್ರೀ! ಬೆಲ್ಟ್ ನಿಲ್ಲಸ್ರೀ!"

ಗುಣಮಟ್ಟ ನೋಡುವ ಸಂಧ್ಯಾರಾಣಿ ತಿರುಗಿ ನೋಡಿ ಕೈ ಎತ್ತಿದಳು. ಬೆಲ್ಟು ನಿಂತಿತು. ಸುನಿತಾ ಏದುಸಿರಿನಲ್ಲೇ ವಿಷಯ ಹೇಳಿದಳು. ಅಷ್ಟರಲ್ಲಿ ಮ್ಯಾನೇಜರ್ ಸತೀಶ್ ಕುಮಾರ್ ಬಂದ. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು.

"ಒಂದೂವರೆ ತಿಂಗಳು ಕಾದಿದೀನಮ್ಮ ಆ ಕಂಟೇನರಿಗೆ. ಯಾರ ಹೊಲದ್ದು ಇದು?"

ಸುನಿತಾ ಹೇಳುವ ಮೊದಲೇ ಹಿಂದಿನಿಂದ ದನಿ ಬಂತು. "ನಂದೇ ಸಾಮಿ. ನಾನೇ ಹೊಡ್ದಿದ್ದು." ಚಿತ್ತಪ್ಪ ಚಪ್ಪಲಿ ಬಿಟ್ಟು, ಊರಿಂದ ತಂದಿದ್ದ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಸಂಧ್ಯಾರಾಣಿ ಬಾಟಲಿಯ ಚೀಟಿ ಓದಿದಳು. "ಸರ್, ಇದು ಯುರೋಪಲ್ಲಿ ನಡಿಯಲ್ಲ. ಯಾವ ಡ್ರಮ್ಮಿಗೆ ಹೋಗಿದೆಯೋ ಗೊತ್ತಾಗಲ್ಲ, ಇವತ್ತು ತುಂಬಿದ್ದೆಲ್ಲ ತೆಗೀಬೇಕು."

ಸತೀಶ್ ಕುಮಾರ್ ತೊಟ್ಟಿ ಖಾಲಿ ಮಾಡಿಸಿದ. ಆ ದಿನ ತುಂಬಿದ ಹತ್ತೊಂಬತ್ತು ಡ್ರಮ್ಮು ಹೊರಗೆ ಬಂದವು. ಹಡಗಿನ ಏಜೆಂಟನ ಹತ್ತಿರ ಒಂದು ಗಂಟೆ ವಾದ ಮಾಡಿ ಅರ್ಧ ದಿನ ಸಮಯ ಪಡೆದ. ಗೋವಿನಕೋವಿಯವರು ಮರುದಿನ ಬೆಳಕು ಹರಿಯುವ ಮೊದಲೇ ಹೊಲಕ್ಕಿಳಿದು ಮತ್ತೆ ಕಾಯಿ ಕಿತ್ತು ಕಳಿಸಿದರು. ಎಂಟು ಡ್ರಮ್ಮು ಕಡಿಮೆ ಹೊತ್ತು ಕಂಟೇನರ್ ಶುಕ್ರವಾರ ಮಧ್ಯಾಹ್ನ ಹೊರಟಿತು.

ಕರಿಯಕ್ಕ ಎರಡು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದಳು. ಆದರೆ ಊರಿನ ಉಳಿದ ಹನ್ನೊಂದು ಹೊಲಗಳ ಕಾಯಿಯನ್ನೂ ಪರೀಕ್ಷೆ ಮುಗಿಯುವವರೆಗೆ ಕಾರ್ಖಾನೆ ಮುಟ್ಟಲಿಲ್ಲ. ಐದು ದಿನದಲ್ಲಿ ಮಿಡಿಗಳೆಲ್ಲ ಕಾರ್ಖಾನೆಗೆ ಬೇಡವಾದ ದಪ್ಪ ಸೌತೆಗಳಾದವು. "ನೀನು ಸುಮ್ನಿದ್ದಿದ್ರೆ ಆಗ್ತಿತ್ತು," ಎಂದು ಆ ಹನ್ನೊಂದು ಮಂದಿಯಲ್ಲೊಬ್ಬನಾದ ಗೋಣೆಪ್ಪ ಕೇಂದ್ರಕ್ಕೇ ಬಂದು ಬೈದು ಹೋದ. ಆರನೆಯ ದಿನ ಫಲಿತಾಂಶ ಬಂತು, ಹನ್ನೊಂದೂ ಶುದ್ಧ. ಗಾಡಿ ಮತ್ತೆ ಬರತೊಡಗಿತು. ಗೋಣೆಪ್ಪನೂ ಕಾಯಿ ತಂದ, ಆದರೆ ಅವಳ ಮುಖ ನೋಡಲಿಲ್ಲ.

ಏಪ್ರಿಲ್ ಮೊದಲ ವಾರ ಸಿದ್ದಲಿಂಗೇಶ್ ಫೋನು ಮಾಡಿದ. ಯುರೋಪಿನ ಬಂದರಿನಲ್ಲಿ ಡ್ರಮ್ಮು ತೆಗೆದು ಪರೀಕ್ಷೆ ಮಾಡಿದ್ದರು, ಎಲ್ಲ ಪಾಸು. ಇನ್ನೂ ಎರಡು ಕಂಟೇನರ್ ಕೇಳಿದ್ದರು. ತೂಕಕ್ಕೆ ನಿಂತಿದ್ದವರಿಗೆ ಸುನಿತಾ ಅದನ್ನು ಹೇಳಿದಳು. ಯಾರೂ ಕುಣಿಯಲಿಲ್ಲ. "ಹಂಗಾರೆ ಮುಂದಿನ ಬೆಳೆಗೆ ಬೀಜ ಬರ್ತೈತೆ," ಎಂದ ಗೋಣೆಪ್ಪ, ಇಷ್ಟು ದಿನದ ಮೇಲೆ ಅವಳನ್ನೇ ನೋಡುತ್ತ.

ಅಂದು ಸಂಜೆ ಚಿತ್ತಪ್ಪನೂ ಬಂದು ಕೇಳಿದ. "ನನ್ನ ಹೆಸ್ರು ಐತಾ ಬೀಜದ ಪಟ್ಟೀಲಿ?"

"ಈ ಸಲ ಇಲ್ಲ ಭಾವ. ಒಂದು ವರ್ಷ ಬಿಡಬೇಕಂತೆ."

ಅವನು ತಲೆಯಾಡಿಸಿ, "ಮೆಕ್ಕೆಜೋಳ ಹಾಕ್ತೀನಿ ಬಿಡು," ಎಂದು ಹೊಲದ ಕಡೆ ನಡೆದ.