ಹೊಕ್ಕುಳು ಕೊಯ್ಯುವ ಕೈ

“ಹೊಲಗೇರಿ ಕೈಗೂ ರೇಷ್ಮೆ ರವಿಕೆ ಕಣ ಬೇಕಾಯ್ತಾ?”

ಹೆಡ್ ನರ್ಸು ಅನಸೂಯಮ್ಮ ಕೇಳಿದ್ದು ಕಿಟಕಿಯಾಚೆಯ ಮಾವಿನ ತೋಪನ್ನು. ಕತ್ತರಿ ಬೇಯಿಸುತ್ತಿದ್ದ ಮುನಿಗಂಗಮ್ಮ ತಲೆಯೆತ್ತಲಿಲ್ಲ. ಮಾತು ತನಗೇ ಎಂದು ಅವಳಿಗೆ ಗೊತ್ತು.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಮಾವಿನ ಮಂಡಿ ಚನ್ನರಾಯಪ್ಪ ಶ್ರೀನಿವಾಸಪುರದ ಅಂಚಿಗೆ ಕಟ್ಟಿಸಿದ ಆರು ಮಂಚದ ಹೆರಿಗೆ ಮನೆ ಅದು. ಇಬ್ಬರು ನರ್ಸುಗಳೂ ಬೆಂಗಳೂರಿನಲ್ಲಿ ಒಂದೇ ಪರೀಕ್ಷೆ ಪಾಸು ಮಾಡಿದವರು. ಆದರೆ ಹೊಕ್ಕುಳುಬಳ್ಳಿ ಕೊಯ್ದರೆ ಮೈಲಿಗೆ. ಅನಸೂಯಮ್ಮ ಕುರ್ಚಿ ಬಿಟ್ಟು ಏಳದೆ “ಕುಯ್ಯೇ” ಎನ್ನುತ್ತಿದ್ದಳು. ಕೊಯ್ದವಳಿಗೇ ಬಾಣಂತಿ ಕಣ ಕೊಡುವುದು ಆ ಸೀಮೆಯ ಪದ್ಧತಿ. ಆ ಬೆಳಿಗ್ಗೆ ರೇಷ್ಮೆಗೂಡಿನ ವ್ಯಾಪಾರಿಯ ಹೆಂಡತಿ ಕರೀಮುನ್ನೀಸಾ, ಮನೆಗೆ ಹೊರಟವಳು, ಕುರ್ಚಿಯನ್ನು ದಾಟಿ ಬಂದು ಹಸಿರು ಕಣವನ್ನು ಮುನಿಗಂಗಮ್ಮನ ಕೈಗಿಟ್ಟು, ಆ ಕೈಯನ್ನೇ ಕಣ್ಣಿಗೊತ್ತಿಕೊಂಡಿದ್ದಳು. ಅನಸೂಯಮ್ಮನಿಗೆ ಮೈಲಿಗೆ ಬೇಡ, ಕಣ ಬೇಕು. ಬಿತ್ತದೆ ಸುಗ್ಗಿ ಕಾಯುವ ಹೊಟ್ಟೆಯುರಿ ಅದು.

ಮುನಿಗಂಗಮ್ಮನಿಗೂ ಹೊಟ್ಟೆಯುರಿ ಇಲ್ಲದಿರಲಿಲ್ಲ. ಅನಸೂಯಮ್ಮನಿಗೆ ಹಿತ್ತಾಳೆ ಲೋಟದಲ್ಲಿ ಕಾಫಿ, ತನಗೆ ಹಿತ್ತಿಲಲ್ಲಿ ತೆಂಗಿನ ಚಿಪ್ಪಿನಲ್ಲಿ. ಆ ಲೋಟದ ಹೊಳಪನ್ನು ಅವಳು ಎಷ್ಟೋ ದಿನ ಕದ್ದು ನೋಡಿದ್ದಳು.

“ಏನ್ ಮಾಟ ಮಾಡ್ಸಿದೀಯೇ? ಬಂದೋರೆಲ್ಲ ಗಂಗಮ್ಮ ಬರ್ಲಿ, ಗಂಗಮ್ಮ ಬರ್ಲಿ ಅಂತಾರೆ. ನಾನೇನ್ ಇಲ್ಲಿ ದಿಷ್ಟಿಬೊಂಬೇನಾ?”

“ನೀವೂ ಕುಯ್ಯಿ ಅಕ್ಕಾ. ನಿಮ್ಗೂ ಕೊಡ್ತಾರೆ.”

“ಅಕ್ಕನಂತೆ! ಯಾವೋಳೇ ನಿಂಗಕ್ಕ, ಮುಂಡೆ?”

ಅನಸೂಯಮ್ಮ ಕತ್ತರಿ ಬೇಯುತ್ತಿದ್ದ ಪಾತ್ರೆಯನ್ನು ಕಾಲಿಂದ ಒದ್ದಳು. ಕುದಿನೀರು ಮುನಿಗಂಗಮ್ಮನ ಪಾದದ ಮೇಲೆ ಚೆಲ್ಲಿತು.

ಬೊಬ್ಬೆಯೆದ್ದ ಕಾಲಿನಲ್ಲೇ ಅವಳು ಚನ್ನರಾಯಪ್ಪನ ಮುಂದೆ ನಿಂತಳು. ಅವನು ಹಣ್ಣೊಂದನ್ನು ಮೂಸುತ್ತಿದ್ದ.

“ಅನಸೂಯಮ್ಮ ಬಿಟ್ಟೋದ್ರೆ ದೊಡ್ಡ ಮನೆ ಹೆಂಗಸ್ರು ಇಲ್ಲಿಗೆ ಬರ್ತಾರೇನಮ್ಮಾ? ನೀನೇ ಒಸಿ ತಗ್ಗು. ಇವತ್ತಿಂದ ಆಯಾ ಕೆಲ್ಸ ಮಾಡು. ನರ್ಸಿನ ಟೋಪಿ ಅನಸೂಯಮ್ಮನ ಕೈಗೆ ಕೊಟ್ಬಿಡು.”

“ಕಾಲು ಸುಟ್ಟಿದ್ದು ನಂದಲ್ವಾ ಸೋಮಿ?”

“ಅದಕ್ಕೇ ಕಣಮ್ಮಾ, ನಿಂತ್ಕೊಂಡ್ ಮಾಡೋ ಕೆಲ್ಸ ಬೇಡ ಅಂದಿದ್ದು. ಕೂತು ನೆಲ ಒರ್ಸು.”

ಟೋಪಿಯನ್ನು ಅನಸೂಯಮ್ಮ ಎರಡು ಬೆರಳಿನಲ್ಲಿ ಹಿಡಿದು ಹೇಲಿನ ಬಕೆಟ್ಟಿಗೆ ಹಾಕಿದಳು.

ಮೂರನೆಯ ದಿನ ಮಧ್ಯಾಹ್ನ ಪಕ್ಕದ ಹಳ್ಳಿಯ ಭಾರತಮ್ಮ ಹೆತ್ತಳು; ಟೋಪಿ ಹೋದ ಮೇಲೆ ಅದೇ ಮೊದಲ ಹೆರಿಗೆ. ಮಗು ತಾಯಿಯ ಹೊಟ್ಟೆಯ ಮೇಲೆ ಕೈಕಾಲು ಬಡಿದು ಅಳುತ್ತಿತ್ತು. ಬಳ್ಳಿ ಇನ್ನೂ ಮಿಡಿಯುತ್ತಿತ್ತು.

“ಕುಯ್ಯೇ.”

ಮುನಿಗಂಗಮ್ಮ ನೆಲದ ಬಟ್ಟೆ ಹಿಂಡಿದಳು.

“ಕಿವುಡೇನೇ? ಬಂದು ಕುಯ್ಯೇ!” ಅನಸೂಯಮ್ಮ ಕತ್ತರಿಯನ್ನು ಮುನಿಗಂಗಮ್ಮನ ಕಡೆ ಚಾಚಿದಳು. ಪರೀಕ್ಷೆಯ ದಿನ ಬಿಟ್ಟರೆ ಅವಳು ಒಂದೂ ಬಳ್ಳಿ ಕೊಯ್ದವಳಲ್ಲ.

ಪರದೆಯಾಚೆ ಚನ್ನರಾಯಪ್ಪ ಕೆಮ್ಮಿದ. “ಗಂಗಮ್ಮಾ, ಇದೊಂದು ಕುಯ್ದ್‌ಬಿಡಮ್ಮಾ. ಆಮೇಲೆ ನೋಡಾಣ.”

ಭಾರತಮ್ಮ ಗಾಬರಿಯಿಂದ ತಲೆ ಹೊರಳಿಸಿದಳು.

“ಮಗೂಗೇನೂ ಆಗಲ್ಲ ತಾಯಿ,” ಎಂದಳು ಮುನಿಗಂಗಮ್ಮ. “ಬೆಚ್ಚಗೆ ಅವುಚ್ಕೋ. ಕುಯ್ಯೋ ನರ್ಸಮ್ಮ ಪಕ್ಕದಾಗೇ ಅವ್ರೆ.”

“ಗಂಗಮ್ಮಾ…” ಅನಸೂಯಮ್ಮನ ದನಿ ಇಳಿದಿತ್ತು. “ನಿಂಗ್ ಕೈ ಮುಗೀತೀನಿ ಕಣೇ. ಕುಯ್ಯಿ.”

ಮುನಿಗಂಗಮ್ಮ ಒದ್ದೆ ಕೈಗಳನ್ನು ನೆಲದಿಂದ ಎತ್ತಲಿಲ್ಲ.

“ಕುಯ್ಯಲ್ಲ,” ಎಂದಳು.