ಹೊನ್ನೂರಮ್ಮನ ಹೇಳಿಕೆ

ಮಸ್ಕಿಯ ಹೊನ್ನೂರಮ್ಮನ ಮಗಳು ಮಮತಾ ಸತ್ತದ್ದು ಸಿಂಧನೂರು ರಸ್ತೆಯ ಕಾಲುವೆ ತಿರುವಿನಲ್ಲಿ. ಸಾಲಗುಂದದ ಗದ್ದೆಗಳಿಗೆ ನೆಲ್ಲಿನ ಸಸಿ ಹಚ್ಚಲು ಹೊರಟಿದ್ದ ಹದಿನೇಳು ಹೆಂಗಸರನ್ನು ಒಂದೇ ಗೂಡ್ಸ್ ಗಾಡಿಗೆ ತುಂಬಿದ್ದರು. ಗಾಡಿ ಮಗುಚಿದಾಗ ಹಿಂದಿನ ಹಲಗೆಯ ಮೇಲೆ ಕೂತಿದ್ದ ಮೂವರು ಅಲ್ಲೇ ಹೋದರು. ಮಮತಾಗೆ ಹತ್ತೊಂಬತ್ತು ವರ್ಷ. ಒಳಗೆ ಕೂತಿದ್ದ ಹೊನ್ನೂರಮ್ಮನಿಗೆ ಮೊಣಕೈ ತರಚಿತು, ಅಷ್ಟೆ.

ಕುರಿ ಕಾಯುತ್ತಿದ್ದ ಗಂಡ ಬಾಲಪ್ಪ ಸುದ್ದಿ ಕೇಳಿ ಹಟ್ಟಿಯ ಕಡೆಯಿಂದ ಓಡಿಬಂದಿದ್ದ. "ಹೆಂಗ ಕುಂತಿದ್ಳು ಅಕಿ ಅಲ್ಲಿ?" ಎಂದು ಒಂದೇ ಸಲ ಕೇಳಿದ. "ಅಕಿನ ನನಕಿಂತ ಮೊದಲ ಹತ್ತಿ ಕುಂತಿದ್ಳು" ಎಂದಳು ಹೊನ್ನೂರಮ್ಮ. ಅವನು ಮತ್ತೆ ಕೇಳಲಿಲ್ಲ.

ಅದೇ ಗಾಡಿಯಲ್ಲಿದ್ದ ಪಕ್ಕದ ಮನೆಯ ಲಾಲ್‌ಬೀಗೆ ಸೊಂಟ ಮುರಿದಿತ್ತು. ಅವಳ ಅಕ್ಕನ ಮಗ ಇಲಿಯಾಸ್ ಲಿಂಗಸುಗೂರಿನಲ್ಲಿ ವಕೀಲ. ಚಿಕ್ಕಮ್ಮನ ಕೇಸಿನ ಕಾಗದ ನೋಡುವಾಗ ಅವನಿಗೆ ಒಂದು ವಿಷಯ ಹೊಳೆಯಿತು: ಡ್ರೈವರನ ಮೇಲೆ ಕೇಸಿದೆ, ಗಾಡಿಯ ಮಾಲೀಕನ ಮೇಲೂ ಇದೆ, ಆದರೆ ಅಷ್ಟು ಜನರನ್ನು ಕೆಲಸಕ್ಕೆ ಕರೆಸಿಕೊಂಡವನ ಹೆಸರು ಎಲ್ಲೂ ಇಲ್ಲ. ಅವನು ಕೂತು ನಾಲ್ಕು ಪುಟ ಬರೆದ. ಕೂಲಿಗೆ ಕರೆಯುವವನೇ ಸೀಟಿರುವ ಗಾಡಿ ಕಳಿಸಬೇಕು, ಕಳಿಸದಿದ್ದರೆ ಅವನೂ ಹೊಣೆ ಎಂಬುದು ಅದರ ಸಾರ. ಆ ಭಾಗದ ಶಾಸಕರೊಬ್ಬರ ಮನೆಗೆ ಎಂಟು ತಿಂಗಳು ಅಲೆದ ಮೇಲೆ ಅವರು ಅದನ್ನು ಖಾಸಗಿ ಮಸೂದೆಯಾಗಿ ಸದನದಲ್ಲಿ ಮಂಡಿಸಲು ಒಪ್ಪಿದರು.

ಮಂಡಿಸುವ ದಿನ ಇಲಿಯಾಸ್ ಮಸ್ಕಿಗೆ ಬಂದು ಲಾಲ್‌ಬೀಯ ಮಂಚದ ಮೇಲೆ ಮೊಬೈಲ್ ಇಟ್ಟ. ಹೊನ್ನೂರಮ್ಮನೂ ಬಂದು ಕೂತಳು. ಶಾಸಕರು ಎದ್ದು ಮಸೂದೆ ಮಂಡಿಸಲು ಅನುಮತಿ ಕೇಳಿದರು. ಸಭಾಧ್ಯಕ್ಷರು ಸದನವನ್ನು ಕೇಳಿದರು. ಕೆಲವರು 'ಹೌದು' ಎಂದರು. ಆಮೇಲೆ ಬೇರೆ ಯಾರೋ ಬೇರೆ ಏನನ್ನೋ ಓದತೊಡಗಿದರು.

"ಆತೇನು? ಕಾಯ್ದೆ ಆತೇನು?" ಎಂದಳು ಹೊನ್ನೂರಮ್ಮ.

"ಇಲ್ಲಬೇ ದೊಡ್ಡವ್ವ. ಈಗ ಬಾಗಿಲದಾಗ ನಿಂತೈತಿ. ಇನ್ನ ಚರ್ಚೆ ಆಗಬೇಕು, ಓಟಿಗೆ ಹಾಕಬೇಕು. ಮ್ಯಾಲಿನ ಮನಿನೂ ಒಪ್ಪಬೇಕು."

"ಮಮತಾನ ಹೆಸರು ಹೇಳಲೇ ಇಲ್ಲಲ್ಲ."

ಇಲಿಯಾಸ್ ಮೊಬೈಲನ್ನು ಕಿಸೆಗೆ ಹಾಕಿಕೊಂಡ.

ಚರ್ಚೆಯ ದಿನ ಸಚಿವರು ಮಸೂದೆಯನ್ನು ವಿರೋಧಿಸಲಿಲ್ಲ. ಆಶಯ ಒಳ್ಳೆಯದು, ಆದರೆ ಸಣ್ಣ ಹಿಡುವಳಿದಾರರಿಗೆ ತೊಂದರೆಯಾಗಬಾರದು, ಪರಿಶೀಲನಾ ಸಮಿತಿಗೆ ಒಪ್ಪಿಸೋಣ ಎಂದರು. ಮುಂದಿನ ಅಧಿವೇಶನದ ಮೊದಲ ದಿನವೇ ಸಮಿತಿ ವರದಿ ಕೊಡಬೇಕೆಂದು ನಿರ್ಣಯವಾಯಿತು. ಇಲಿಯಾಸ್ ಇದನ್ನು ಗೆಲುವೆಂದೇ ತಿಳಿದ. ಸಮಿತಿ ಲಿಂಗಸುಗೂರಿಗೇ ಬರುತ್ತದೆಂದು ಗೊತ್ತಾದಾಗ ಅವನ ಉತ್ಸಾಹ ಇಮ್ಮಡಿಯಾಯಿತು. ಲಾಲ್‌ಬೀಗೆ ತಿರುವಿನ ನಂತರದ್ದೇನೂ ನೆನಪಿರಲಿಲ್ಲ. ಹೇಳಬೇಕಾದವಳು ಹೊನ್ನೂರಮ್ಮನೇ.

ಪ್ರವಾಸಿ ಮಂದಿರದ ಹಾಲ್‌ನಲ್ಲಿ ಉದ್ದದ ಮೇಜು ಹಾಕಿದ್ದರು. ಆಚೆ ಬದಿಗೆ ಏಳು ಜನ ಸದಸ್ಯರು, ಕೊನೆಯಲ್ಲಿ ಒಬ್ಬ ಶೀಘ್ರಲಿಪಿಗಾರ. ಹಿಂದಿನ ಕುರ್ಚಿಯಲ್ಲಿ ಬಾಲಪ್ಪ ಕಂಬಳಿಯನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದ. ಹೆಂಡತಿಯೊಬ್ಬಳನ್ನೇ ಅಷ್ಟು ಸಾಹೇಬರ ನಡುವೆ ಬಿಡಬಾರದೆಂದು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ.

ಹೊನ್ನೂರಮ್ಮ ಗಾಡಿಯ ಬಗ್ಗೆ, ರಸ್ತೆಯ ಬಗ್ಗೆ, ನಸುಕಿನಲ್ಲಿ ಬಸ್ಸಿಲ್ಲದ್ದರ ಬಗ್ಗೆ ಹೇಳಿದಳು. ಆಗ ಹಿರಿಯ ಸದಸ್ಯರೊಬ್ಬರು ಮೆಲ್ಲಗೆ ಕೇಳಿದರು: "ಗೂಡ್ಸ್ ಗಾಡಿಯಲ್ಲಿ ಜನ ಹೋಗಬಾರದು ಅಂತ ಈಗಲೂ ಕಾನೂನಿದೆ ತಾಯಿ. ನಿಮ್ಮ ಮಗಳು ಕಾಲೇಜು ಓದಿದವಳಂತೆ. ಅವಳಿಗೂ ಗೊತ್ತಿರಲಿಲ್ಲವೇ?"

"ಅಕಿಗೆ ಗೊತ್ತಿತ್ರೀ" ಎಂದಳು ಹೊನ್ನೂರಮ್ಮ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಗಳ ಮೇಲೆ ತಪ್ಪು ಬಂದದ್ದನ್ನು ಅವಳಿಂದ ತಡೆಯಲಾಗಲಿಲ್ಲ.

"ಅಕಿ ಒಲ್ಲೆ ಅಂದ್ಳು. ಗಾಡಿ ತುಂಬೇತವ್ವ, ಬಸ್ಸಿಗೆ ಹೋಗೂಣು ಅಂದ್ಳು. ಬಸ್ ಬರೂದರಾಗ ಕೆಲಸ ಬ್ಯಾರೇರಿಗೆ ಹೋಗತೈತಿ ಅಂತ ನಾನ ಅಕಿ ರಟ್ಟಿ ಹಿಡದು ಹತ್ತಿಸಿದೆ. ಒಳಗ ಒಬ್ಬರಿಗೆ ಜಾಗ ಇತ್ರೀ. ನನಗ ತಲಿ ತಿರಗತೈತಿ ಅಂತ ನಾ ಒಳಗ ಕುಂತೆ. ಅಕಿನ್ನ ಹಲಗಿ ಮ್ಯಾಲ ಕುಂದರಿಸಿದೆ. ಬರಕೋರಿ. ನನ್ನ ಮಗಳ ತಪ್ಪು ಏನೂ ಇಲ್ಲ ಅಂತ ಬರಕೋರಿ."

ಶೀಘ್ರಲಿಪಿಗಾರ ಬರೆದುಕೊಂಡ. ಹಿರಿಯ ಸದಸ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊನ್ನೂರಮ್ಮ ತಿರುಗಿ ನೋಡಿದಾಗ ಬಾಲಪ್ಪನ ಕುರ್ಚಿ ಖಾಲಿ ಇತ್ತು.

ಅವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಮಸ್ಕಿಯವರೆಗೂ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು. ಅವನು ಮಡಚಿದ ಕಂಬಳಿಯನ್ನು ಇಬ್ಬರ ನಡುವೆ ಇಟ್ಟುಕೊಂಡಿದ್ದ. ಮರುದಿನ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೋದವನು ಎರಡು ತಿಂಗಳು ಊರಿಗೆ ಬರಲಿಲ್ಲ. ಬಂದ ಮೇಲೂ ಊಟಕ್ಕೆ ತಾನೇ ತಾಟು ತೆಗೆದುಕೊಳ್ಳುತ್ತಿದ್ದ.

ಮುಂದಿನ ಅಧಿವೇಶನದ ಮೊದಲ ದಿನ ಸಮಿತಿ ವರದಿ ಕೊಡಲಿಲ್ಲ, ಅವಧಿ ವಿಸ್ತರಣೆ ಕೇಳಿತು. ಸದನ ಒಪ್ಪಿತು. ಅದರ ಮುಂದಿನ ಅಧಿವೇಶನದಲ್ಲೂ ಹಾಗೇ ಆಯಿತು. ಪ್ರತಿ ಸಲ ಹೊನ್ನೂರಮ್ಮ ಫೋನ್ ಮಾಡಿ ಕೇಳುತ್ತಿದ್ದಳು. ಇಲಿಯಾಸ್ "ಇನ್ನೊಂದೀಟು ತಡಿಬೇ" ಎನ್ನುತ್ತಿದ್ದ. ಅಷ್ಟರಲ್ಲಿ ಚುನಾವಣೆ ಬಂತು. ವಿಧಾನಸಭೆ ವಿಸರ್ಜನೆಯಾಯಿತು. ಮಸೂದೆ ತಂದಿದ್ದ ಶಾಸಕರು ಸೋತರು.

ಇದನ್ನು ಫೋನಿನಲ್ಲಿ ಹೇಳಲಾಗದೆ ಇಲಿಯಾಸ್ ಮಸ್ಕಿಗೆ ಬಂದ. ಅವತ್ತು ಬಾಲಪ್ಪನೂ ಮನೆಯಲ್ಲಿದ್ದ, ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಸಭಾ ಮುಗೀತಂದ್ರ ಅದರಾಗ ಬಾಕಿ ಇದ್ದ ಮಸೂದೆನೂ ಮುಗದಂಗ ದೊಡ್ಡವ್ವ. ಬಿದ್ದು ಹೋತು."

"ಯಾರು ಬೀಳಿಸಿದ್ರು?"

"ಯಾರೂ ಬೀಳಿಸಲಿಲ್ಲ. ತಾನ ಬಿತ್ತು."

ಹೊನ್ನೂರಮ್ಮ ಚಹಾದ ಲೋಟವನ್ನು ಅವನ ಮುಂದಿಟ್ಟಳು. "ನಾ ಹೇಳಿದ್ದು? ಅದು ಎಲ್ಲೈತಿ ಈಗ?"

"ಫೈಲಿನಾಗ ಇರತೈತಿ. ಹೊಸಾ ಶಾಸಕರು ಮತ್ತ ಮಂಡಿಸ್ತೀನಿ ಅಂದಾರ. ಆದ್ರ ಮೊದಲಿಂದ ಆಗಬೇಕು. ಸಮಿತಿ ಹೊಸಾದು. ನೀ ಮತ್ತೊಮ್ಮಿ ಬಂದು…"

"ಬರಾಂಗಿಲ್ಲ" ಎಂದ ಬಾಲಪ್ಪ. ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತ್ತು. "ಅಕಿ ಒಮ್ಮಿ ಹೇಳ್ಯಾಳ. ನಾ ಒಮ್ಮಿ ಕೇಳೀನಿ. ಎರಡನೇ ಸಲ ಇಬ್ಬರ ಕೈಲೂ ಆಗಾಂಗಿಲ್ಲ ವಕೀಲ್ರ."

ಲಿಂಗಸುಗೂರಿನ ಆ ದಿನದಿಂದೀಚೆಗೆ ಅವನು ಆ ವಿಷಯ ಎತ್ತಿದ್ದು ಇದೇ ಮೊದಲು. ಹೊನ್ನೂರಮ್ಮ ಅವನ ಮುಖ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ಇಲಿಯಾಸ್ ಚಹಾ ಮುಟ್ಟದೆ ಎದ್ದ.

ಹೊಸ ಶಾಸಕರು ಮಾತು ತಪ್ಪಲಿಲ್ಲ. ಮಸೂದೆ ಮತ್ತೆ ಮಂಡನೆಯಾಗಿ ಮತ್ತೆ ಸಮಿತಿಗೆ ಹೋಯಿತು. ಹೇಳಿಕೆ ಕೊಡಲು ಲಾಲ್‌ಬೀ ಊರುಗೋಲು ಹಿಡಿದು ಹೋದಳು. ತಿರುವು ಬಂದದ್ದು, ಯಾರೋ ಚೀರಿದ್ದು, ಆಸ್ಪತ್ರೆಯಲ್ಲಿ ಎಚ್ಚರವಾದದ್ದು, ಇಷ್ಟು ಹೇಳಿ ಐದು ನಿಮಿಷದಲ್ಲಿ ಹೊರಗೆ ಬಂದಳು. ಸಮಿತಿಯ ವರದಿ ಇನ್ನೂ ಬಂದಿಲ್ಲ. ಅಧಿವೇಶನ ಮುಗಿದಾಗಲೆಲ್ಲ ಇಲಿಯಾಸನೇ ಮಸ್ಕಿಗೆ ಫೋನ್ ಮಾಡುತ್ತಾನೆ. ಹೊನ್ನೂರಮ್ಮ ಎಲ್ಲರ ಆರೋಗ್ಯ ವಿಚಾರಿಸುತ್ತಾಳೆ. ಮಸೂದೆಯ ಮಾತು ಕೇಳುವುದಿಲ್ಲ.