ತಲೆಕೆಳಗಾದ ಎಲೆ

ನಮ್ಮ ಊರಿನ ನೆಲದಡಿ ಓಡುವ ಮೆಟ್ರೋದ ಮೂರನೇ ನಿಲ್ದಾಣಕ್ಕೆ ಟೈಲ್ಸ್ ಕೂರಿಸಿದವರು ನಮ್ಮಪ್ಪ. ಅದೇ ನಿಲ್ದಾಣದ ಪ್ಲಾಟ್‌ಫಾರಂ ಮೇಲಿರುವ ಟಿಕೆಟ್ ಕೌಂಟರಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೂತಿದ್ದೇನೆ. ಎದುರಿನ ಗೋಡೆ ತುಂಬ ಹಸಿರೆಲೆಯ ಟೈಲ್ಸು. ಎಲ್ಲ ಎಲೆಗಳ ತುದಿಯೂ ಮೇಲಕ್ಕೆ, ಒಂದನ್ನು ಬಿಟ್ಟು. ಪ್ರತಿ ನಿಲ್ದಾಣದಲ್ಲೂ ಒಂದೇ ಒಂದು ಟೈಲನ್ನು ತಲೆಕೆಳಗಾಗಿ ಕೂರಿಸುವುದು ಆಗಿನ ಕೆಲಸಗಾರರ ಪದ್ಧತಿ. ಅದೇ ಅವರ ರುಜು. "ನನ್ನ ಕಣ್ಣಿನ ನೇರಕ್ಕೇ ಇಟ್ಟಿದೀನಿ, ಹುಡುಕ್ಕೋ ಹೋಗು" ಎಂದು ಅಪ್ಪ ನಗುತ್ತಿದ್ದರು. ಜಾಗ ಹೇಳದೆಯೇ ತೀರಿಕೊಂಡರು.

ಗೋಡೆ ಎಲ್ಲಿಗೆ ಓಡಿಹೋಗುತ್ತದೆ ಎಂದು ನಾನೂ ಸುಮ್ಮನಿದ್ದೆ. ಸೋಮವಾರ ಹಳೇ ಟೈಲ್ಸ್ ಒಡೆಯಲು ಮೇಸ್ತ್ರಿ ಬಂದಿಳಿದ. ಬುಧವಾರಕ್ಕೆ ಗೋಡೆ ಬೋಳಾಗಬೇಕಂತೆ.

ಅಮ್ಮನಿಗೆ ಫೋನ್ ಮಾಡಿ ಅಪ್ಪನ ಎತ್ತರ ಕೇಳಿದೆ.

"ಅಳತೆಪಟ್ಟಿ ಹಿಡ್ಕೊಂಡು ಮದುವೆ ಆದೋರು ಯಾರೇ? ನನ್ನ ತಲೆ ಅವರ ಗಲ್ಲಕ್ಕೆ ಬರ್ತಿತ್ತು, ಅಷ್ಟೇ."

ಆ ಲೆಕ್ಕದಲ್ಲೇ ಊಟದ ಬಿಡುವಿನಲ್ಲಿ ಒಂದು ಸಾಲಿನುದ್ದಕ್ಕೂ ಬೆರಳಾಡಿಸುತ್ತ ನಡೆದೆ. ಎಲ್ಲವೂ ನೆಟ್ಟಗಿದ್ದವು.

"ಏನಕ್ಕಾ, ಗೋಡೆ ಹತ್ರ ಅಂಥಾ ಗುಟ್ಟು?" ಎಂದ ಮೇಸ್ತ್ರಿ.

ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಟೈಲ್ಸ್ ಕೆಲಸ ಶುರುವಾಗೋದೇ ಕುಕ್ಕರಗಾಲಲ್ಲಿ! ರುಜು ಹಾಕೋದು ಮೊದಲನೇ ದಿನ, ಎಂಜಿನಿಯರ್ ಬಂದು ಮೂಗು ತೂರಿಸೋಕೆ ಮುಂಚೆ. ಕೂತ್ಕೊಂಡು ನೋಡಿ."

ಕೂತು ಆ ಸಾಲನ್ನೂ ನೋಡಿದ್ದಾಯಿತು. ಅಲ್ಲೂ ಇಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡ. ಅಷ್ಟರಲ್ಲಿ ಮೆಟ್ಟಿಲಿಳಿದು ಬಂದವರೊಬ್ಬರು ಕೊನೆಯಲ್ಲಿ ಮುಗ್ಗರಿಸಿದರು.

"ಬೆಳಗ್ಗೆಯಿಂದ ಇದು ಐದನೇ ಸಲ. ಅಲ್ಲೇ ಯಾಕಕ್ಕಾ ಎಡವೋದು?"

"ಮೊಬೈಲ್ ನೋಡ್ಕೊಂಡು ಇಳಿದ್ರೆ ಇನ್ನೇನಾಗತ್ತೆ?"

ಅವನು ಹೋಗಿ ಅಳೆದ. ಮಿಕ್ಕ ಮೆಟ್ಟಿಲೆಲ್ಲ ಒಂದೇ ಎತ್ತರ, ಕೊನೆಯದು ಮಾತ್ರ ಅರ್ಧ. "ಯಾವ ಗಾರೆಯವನೂ ಹೀಗೆ ಕಟ್ಟಲ್ಲ. ಮೆಟ್ಟಿಲನ್ನ ನೆಲ ನುಂಗಿದೆ!"

ಕೆಲಸದ ಪರೀಕ್ಷೆಗೆಂದು ಉರುಹೊಡೆದಿದ್ದ ನಿಲ್ದಾಣದ ಚರಿತ್ರೆ ಆಗ ತಲೆಗೆ ಬಂತು. ಮೊದಲಿನ ರೈಲುಗಳ ಬಾಗಿಲು ತಗ್ಗಿನಲ್ಲಿತ್ತು. ಹೊಸ ರೈಲು ಬಂದಾಗ ಪ್ಲಾಟ್‌ಫಾರಂ ಅನ್ನು ಒಂದೂವರೆ ಅಡಿ ಎತ್ತರಿಸಿದರು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಅಪ್ಪ ನಿಂತಿದ್ದ ನೆಲ ನನ್ನ ಕಾಲ ಕೆಳಗೆಲ್ಲೋ ಇದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಕೂತು ನೋಡಿದ್ದ ಸಾಲಿನಿಂದ ಒಂದೂವರೆ ಅಡಿ ಕೆಳಗೆ, ಮೊಣಕಾಲಿಗೂ ತಗ್ಗಿನ ಸಾಲು ಹಿಡಿದು ಹುಡುಕಿದೆವು. ಕಬ್ಬಿಣದ ಬೆಂಚಿನ ಹಿಂದೆ, ಧೂಳಿನಡಿ, ಒಂದು ಎಲೆ ನೆಲ ನೋಡುತ್ತಿತ್ತು. ದಿನಾ ಚಹಾ ಕುಡಿಯಲು ನಾನು ಕೂರುವ ಬೆಂಚು ಅದು.

ಮೇಸ್ತ್ರಿ ಉಳಿಯನ್ನು ಹಗುರ ಕೈಯಲ್ಲಿ ಆಡಿಸಿ, ಹಾಲಿನ ಕೆನೆ ತೆಗೆದಂತೆ ಟೈಲನ್ನು ಬಿಡಿಸಿಕೊಟ್ಟ. ಮೂಲೆಯೊಂದು ಚೂರು ಮುರಿಯಿತು, ಅಷ್ಟೇ.

"ಹೊಸ ಗೋಡೇಲೂ ಒಂದು ತಲೆಕೆಳಗೆ ಹಾಕ್ತೀನಿ. ಎಲ್ಲಿ ಹಾಕ್ಲಿ, ಹೇಳಿ."

"ಕಣ್ಣಿನ ನೇರಕ್ಕೆ."

"ಯಾರ ಕಣ್ಣಕ್ಕಾ? ನಿಂತೋರದ್ದಾ, ಕೂತೋರದ್ದಾ?"

ಟೈಲನ್ನು ಎದೆಗವಚಿಕೊಂಡು ನನ್ನ ಕೌಂಟರಿನ ಕಿಟಕಿಯತ್ತ ನೋಡಿದೆ.

"ಅಲ್ಲಿ ಕೂತೋರದ್ದು."